ತುಳು ಬಾರದ ಅತಿಥಿ

ಕಡೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು, ಚಿಕ್ಕಮಗಳೂರಿನಲ್ಲಿ ಬಸ್ಸು ಬದಲಿಸಿ, ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಕಾರ್ಕಳ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ನವರಾತ್ರಿ ಮುಗಿದಿದ್ದರೂ ಬಸ್ಸಿನಿಂದ ಇಳಿದ ಕೂಡಲೇ ಕರಾವಳಿಯ ಸೆಕೆ ಅಂಗಿಯನ್ನು ಬೆನ್ನಿಗೆ ಅಂಟಿಸಿತು. ಕಡೂರಿನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಹುಟ್ಟಿದ ಊರು ಮಾತ್ರ ಕಾಪು. ಮನೆಯ ದೀಪ, ಫ್ಯಾನು, ಬಾಗಿಲುಗಳನ್ನು ಮಾತಿನಲ್ಲೇ ನಡೆಸುವ ಸಾಧನಗಳ ಕಂಪನಿಯೊಂದು ಮಣಿಪಾಲದಲ್ಲಿ ಸಭೆ ಕರೆದಿತ್ತು. ನಮ್ಮ ತಾಲೂಕಿನ ಡೀಲರ್‌ಶಿಪ್ ನನಗೇ ಸಿಗಲಿ ಎಂಬ ಆಸೆಯಿಂದ ಹೊರಟಿದ್ದೆ.

ಕಾರ್ಕಳದಲ್ಲಿ ಬಿಸಿ ಗೋಳಿಬಜೆ ತಿಂದು ಉಡುಪಿ ಬಸ್ಸು ಹತ್ತಿದೆ. ನನಗೆ ಎಚ್ಚರವಾದ ಮೇಲೂ, ಹಿರಿಯಡ್ಕ ದಾಟುವವರೆಗೆ, ಹಿಂದಿನ ಸೀಟಿನ ಇಬ್ಬರು ಹೆಂಗಸರು ನನ್ನ ಗೊರಕೆಯ ಬಗ್ಗೆ ತುಳುವಿನಲ್ಲಿ ಧಾರಾಳವಾಗಿ ಮಾತಾಡಿದರು. ಕಂಡಕ್ಟರ್‌ಗೆ ನಾನು ತುಳುವಿನಲ್ಲೇ ಉತ್ತರ ಕೊಟ್ಟದ್ದೇ ತಡ, ಇಬ್ಬರ ಬಾಯಿಯೂ ಬಂದ್. ಇಲ್ಲಿಯವರ ಅಭ್ಯಾಸವೇ ಹಾಗೆ. ಹೊರಗಿನವರ ಎದುರು ಗುಟ್ಟು ಮಾತಾಡಲು ಒಳಕೋಣೆಗೆ ಹೋಗಬೇಕಾಗಿಲ್ಲ, ತುಳುವಿಗೆ ಹೊರಳಿದರೆ ಸಾಕು.

ಸಂಜೆ ಕಾಪುವಿನಲ್ಲಿ ಅಕ್ಕ ನೀರುದೋಸೆ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿ ಕಾದಿದ್ದಳು. ಬಾವ ಮೀನುಗಾರಿಕೆ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದರು. ಅವರು ವಾರಗಟ್ಟಲೆ ಮನೆಯಲ್ಲಿರುವುದಿಲ್ಲವೆಂದೇ ಕಳೆದ ದೀಪಾವಳಿಗೆ ನಾನು ಅದೇ ಕಂಪನಿಯ ಒಂದು ಸಾಧನ ತಂದು ಅಡುಗೆಮನೆಯ ಕಪಾಟಿನ ಮೇಲೆ ಕೂರಿಸಿದ್ದೆ. ಅಕ್ಕ ಅದರತ್ತ ತಿರುಗಿ, ಶಾಲೆಯ ಹೆಡ್‌ಮಾಸ್ತರರ ಎದುರು ನಿಂತವಳಂತೆ, "ದಯವಿಟ್ಟು ಜಗಲಿಯ ದೀಪವನ್ನು ಹಚ್ಚು" ಎಂದಳು. ದೀಪ ಹತ್ತಿತು. ನನಗೆ ನಗು ತಡೆಯಲಿಲ್ಲ.

ನಮ್ಮಿಬ್ಬರ ಮಾತು ತುಳುವಿನಲ್ಲೇ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅದರ ಎದುರಲ್ಲೇ ಮನೆಯ ಮಾತೆಲ್ಲ ಆಡ್ತೀಯಲ್ಲ?" ಎಂದೆ.

"ಅದಕ್ಕೆ ಎಂತ ಗೊತ್ತಾಗ್ತದೆ ಮಾರಾಯ? ಘಟ್ಟದ ಮೇಲಿನದ್ದು ಅದು. ತುಳು ಬರುವುದಿಲ್ಲ."

"ಸ್ವಲ್ಪ ಇಳಿದ ಹಾಗೆ ಕಾಣ್ತೀ."

"ಸೆಕೆಗೆ" ಎಂದು ಇನ್ನೊಂದು ದೋಸೆ ಬಡಿಸಿದಳು.

ಮರುದಿನ ಮಣಿಪಾಲದ ಹೋಟೆಲಿನ ಹಾಲ್‌ನಲ್ಲಿ ಎಸಿ ಎಷ್ಟಿತ್ತೆಂದರೆ ಕಾಫಿ ಕೈಗೆ ಬರುವಷ್ಟರಲ್ಲಿ ಆರುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಮಾರ್ಕೆಟಿಂಗ್ ಅಧಿಕಾರಿ ವ್ಯಾಪಾರದ ಗುಟ್ಟು ಬಿಚ್ಚಿದರು. ಸಾಧನ ಮಾರಿದರೆ ಲಾಭವಿಲ್ಲ, ಬೇಕಾದರೆ ಅಸಲಿಗೇ ಕೊಡಿ. ಲಾಭ ಇರುವುದು ತಿಂಗಳ ಚಂದಾದಲ್ಲಿ. ಒಮ್ಮೆ ಬೀಗವೂ ದೀಪವೂ ನಮ್ಮ ಕೈಗೆ ಬಂದರೆ ಗಿರಾಕಿ ಬೇರೆ ಕಡೆ ಹೋಗುವುದಿಲ್ಲ. ನಾನು ತಲೆಯಾಡಿಸುತ್ತ ಕೂತಿದ್ದೆ.

"ಇನ್ನು ಮುಂದೆ ನಾವು ಮನೆಮಾತಿಗೇ ಇಳೀತೀವಿ" ಎಂದರು ಅವರು. "ತುಳು, ಕೊಂಕಣಿ, ಬ್ಯಾರಿ. ಮಳೆಗಾಲಕ್ಕೆ ಮೊದಲೇ ಮನೆಗಳಿಂದ ಧ್ವನಿ ಸಂಗ್ರಹ ಮಾಡಿದೀವಿ. ಕೇಳಿ."

ಮೊದಲು ಯಾರೋ ಅಜ್ಜ ಕೋಳಿಗೆ ಬೈಯುವುದು ಕೇಳಿಸಿತು. ಹಾಲ್ ಬಿದ್ದು ಬಿದ್ದು ನಕ್ಕಿತು. ಆಮೇಲೆ ಕುಕ್ಕರಿನ ಸೀಟಿ, ಅದರ ಹಿಂದೆಯೇ ಒಬ್ಬ ಹೆಂಗಸಿನ ದನಿ. ಎದೆಯಲ್ಲಿ ಗಂಟು ಇದೆ, ದೊಡ್ಡದಾಗುತ್ತಿದೆ, ಮುಟ್ಟಿದರೆ ತಿಳಿಯುತ್ತದೆ ಎಂದು ಯಾರಿಗೋ ಹೇಳುತ್ತಿದ್ದಳು. ಕೊನೆಗೆ, "ಮೆಗ್ಯಗ್ ಪನೊಡ್ಚಿ." ತಮ್ಮನಿಗೆ ಹೇಳುವುದು ಬೇಡ ಎಂದು.

ಅದು ನನ್ನ ಅಕ್ಕನ ದನಿ.

ತುಳು ಬಲ್ಲವರ ನಗು ಅಲ್ಲಲ್ಲೇ ನಿಂತುಹೋಯಿತು. ಒಂದಕ್ಷರವೂ ತಿಳಿಯದ ಅಧಿಕಾರಿ ಮಾತ್ರ ನಗುತ್ತಲೇ, "ಎಷ್ಟು ಕ್ಲಿಯರ್ ಆಗಿದೆ ನೋಡಿ!" ಎಂದರು.

ನಾನು ಎದ್ದು ನಿಂತೆ. "ಇದನ್ನು ಕೇಳಿಸಲು ನಿಮಗೆ ಯಾರು ಹೇಳಿದರು?"

"ಹೆಸರು, ವಿಳಾಸ ಏನೂ ಇಲ್ಲ ಸರ್. ಯಾರು ಅಂತ ಯಾರಿಗೂ ಗೊತ್ತಾಗಲ್ಲ. ಹಾಕುವಾಗಲೇ ಒಪ್ಪಿಗೆ ಒತ್ತಿರ್ತಾರೆ."

ಒತ್ತಿದ್ದು ನಾನೇ. ಡೀಲರ್‌ಶಿಪ್ಪಿನ ಫಾರಂ ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದೆ.

ಉಡುಪಿಯಲ್ಲಿ ಬಸ್ಸು ಬದಲಿಸಿದೆ. ಉದ್ಯಾವರದ ಸೇತುವೆ, ಕಟಪಾಡಿಯ ಗದ್ದಲ ಯಾವುದೂ ತಲೆಗೆ ಹೋಗಲಿಲ್ಲ. ಕಟಪಾಡಿಯಲ್ಲಿ ಜನ ಹತ್ತಿಸಿಕೊಳ್ಳಲು ಬಸ್ಸು ನಿಂತಾಗ ಡ್ರೈವರ್ ಮೇಲೆ ಸುಮ್ಮನೆ ರೇಗಿದೆ.

ಅಕ್ಕ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಳು. "ಗಂಟು ಯಾವಾಗಿನಿಂದ?" ಎಂದು ಬಾಗಿಲಲ್ಲೇ ಕೇಳಿಬಿಟ್ಟೆ.

ಕತ್ತಿ ನಿಂತಿತು. "ಯಾರು ಹೇಳಿದ್ದು? ಪಕ್ಕದ ಮನೆಯ ಜಲಜಕ್ಕನಾ? ಅವಳ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲ!"

ನಾನು ಕಪಾಟಿನ ಕಡೆ ಕೈ ತೋರಿಸಿದೆ. ಮಣಿಪಾಲದಲ್ಲಿ ನಡೆದದ್ದನ್ನು ಹೇಳಿದೆ. ಅವಳು ಕಪಾಟಿನತ್ತ ತಿರುಗಿದಳು.

"ಅದಕ್ಕೆ ತುಳು ಬರ್ತದಾ?" ದನಿ ಇಳಿದುಹೋಗಿತ್ತು. "ಅಲ್ಲಿ ಗಂಡಸರೂ ಇದ್ದರಾ?"

"ಇದ್ದರು" ಎಂದೆ. ಅಕ್ಕ ಮೀನಿನ ಕೈಯಲ್ಲೇ ಸೆರಗು ಎಳೆದು ಎದೆ ಮುಚ್ಚಿಕೊಂಡಳು. ನಾನು ವಯರು ಕಿತ್ತು ಸಾಧನವನ್ನು ಅಂಗಳಕ್ಕೆ ಒಯ್ದಿಟ್ಟೆ. ತಿರುಗಿ ಬಂದರೂ ಮನೆಯೊಳಗೆ ಮಾತಾಡಲು ಅವಳು ಒಪ್ಪಲಿಲ್ಲ. ನನ್ನ ಕೈ ಹಿಡಿದು ಹಿತ್ತಿಲಿನ ತೆಂಗಿನ ಮರದವರೆಗೆ ಕರೆದುಕೊಂಡು ಹೋದಳು.

"ಡಾಕ್ಟರ್ ಹತ್ತಿರ ಹೋದರೆ ಅದೇ ಅಂತ ಹೇಳ್ತಾರೆ. ಹೋಗದಿದ್ದರೆ ಹೇಳುವವರು ಯಾರು? ಹೆದರಿಕೆ ಆಗ್ತದೆ ಮಾರಾಯ" ಎಂದಳು. ಇಬ್ಬರೂ ಅತ್ತೆವು.

ಬೆಳಿಗ್ಗೆ ಇಬ್ಬರೂ ಉಡುಪಿ ಬಸ್ಸು ಹತ್ತಿದೆವು. ಮುಂದಿನ ಸೀಟಿನವನು ಮೊಬೈಲ್ ಎತ್ತಿದಾಗಲೆಲ್ಲ ಅಕ್ಕ ಮುದುಡಿ ಕುಳಿತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷಿಸಿ, ಅಕ್ಕನನ್ನು ಕೂರಿಸಿ, ನನ್ನನ್ನು ಒಳಗೆ ಕರೆದರು. "ಎಷ್ಟು ಸಮಯ ಆಯ್ತು ಇದು ಕಾಣಿಸಿಕೊಂಡು?"

"ಮೊನ್ನೆಯಷ್ಟೇ. ಒಂದು ವಾರ ಆಯ್ತು" ಎಂದಳು ಅಕ್ಕ, ಕಪಾಟಿನ ಅತಿಥಿಯೊಡನೆ ಆಡುತ್ತಿದ್ದ ಅದೇ ಅಚ್ಚುಕಟ್ಟಾದ ಕನ್ನಡದಲ್ಲಿ.

ಡಾಕ್ಟರಮ್ಮ ಬರೆಯತೊಡಗಿದರು. ಧ್ವನಿ ಸಂಗ್ರಹ ಯಾವಾಗ ಮಾಡಿದ್ದೆಂದು ಅಧಿಕಾರಿ ಹಾಲ್‌ನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿತ್ತು.

"ಅಲ್ಲ ಮೇಡಂ" ಎಂದೆ. "ಮಳೆಗಾಲಕ್ಕೆ ಮೊದಲಿನಿಂದ ಉಂಟು."

ಅಕ್ಕ ನನ್ನ ಮುಖ ನೋಡಿದಳು, ಅಲ್ಲವೆನ್ನಲಿಲ್ಲ. ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ, ಪರೀಕ್ಷೆ ನಾಳೆಯೇ ಆಗಬೇಕು ಎಂದರು. ಕಡೂರಿಗೆ ಮರಳಲು ಆ ಮಧ್ಯಾಹ್ನ ಹಿಡಿಯಬೇಕಿದ್ದ ಕಾರ್ಕಳ ಬಸ್ಸನ್ನು ನಾನು ಹತ್ತಲಿಲ್ಲ.