ನೀಲವ್ವನ ಗೋಡೆಯ ಮೇಲೆ ಗ್ಯಾಸಿನ ಪೈಪು

ಹುಬ್ಬಳ್ಳಿಗೆ ಬಂದ ಮರುದಿನ ಬೆಳಿಗ್ಗೆ, ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ನನ್ನ ಅಡುಗೆಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು. ಗುರುತಿಲ್ಲ, ಪರಿಚಯವಿಲ್ಲ. ಮುಂದಿನ ಮನೆಯ ನೀಲವ್ವ ಜೋಳದ ಹಿಟ್ಟಿನ ಪರಾತದ ಸಮೇತ ಬಂದು ನನ್ನ ಒಲೆ ಹಚ್ಚಿಕೊಂಡಿದ್ದರು.

"ನಮ್ಮ ಸಿಲಿಂಡರ್ ಖಾಲಿ ಆತ್ರಿ ಅಕ್ಕಾರ. ಇನ್ನ ನಾಕ ರೊಟ್ಟಿ ಅದಾವ. ನೀವೂ ಒಂದ ಬಿಸೀದ ತಿನ್ರಿ," ಎಂದು ನನ್ನ ಮನೆಯಲ್ಲಿ ನನಗೇ ಉಪಚಾರ ಮಾಡಿದರು.

ಇಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕಾರು. ನಾನು ಇಲ್ಲಿನ ಕಾಲೇಜೊಂದಕ್ಕೆ ರಾಜ್ಯಶಾಸ್ತ್ರ ಕಲಿಸಲು ಮೈಸೂರಿನಿಂದ ಬಂದವಳು. ಕಮರಿಪೇಟೆಯಲ್ಲಿ ಬಾಡಿಗೆ ಮನೆ. ಮೈಸೂರಿನಲ್ಲಿ ನಾವು ಪಕ್ಕದ ಮನೆಗೂ ಫೋನ್ ಮಾಡಿಯೇ ಹೋಗುವ ಜನ. ಇಲ್ಲಿ ಗ್ಯಾಸ್ ಮುಗಿದರೆ ನಾದಿದ ಹಿಟ್ಟು ಹೊತ್ತುಕೊಂಡು ಯಾರ ಒಲೆಗಾದರೂ ನಡೆಯುತ್ತಾರೆ. ಮೊದಮೊದಲು ಸಿಡಿಮಿಡಿಗೊಂಡೆ. ಆಮೇಲೆ ಒಂದು ದಿನ ನನ್ನ ಸಿಲಿಂಡರೂ ಕೈಕೊಟ್ಟಿತು. ನೀಲವ್ವನ ಒಲೆಯ ಮೇಲೆ ನನ್ನ ಸಾರು ಕುದಿಯುವವರೆಗೆ ಅವರ ತವರು ಉಪ್ಪಿನಬೆಟಗೇರಿಯ ಸುದ್ದಿಯೆಲ್ಲ ಕೇಳಿಸಿಕೊಂಡೆ. ಈ ಊರಿನಲ್ಲಿ ನನ್ನ ಒಂಟಿತನ ಹೋದದ್ದು ಅವತ್ತೇ.

ಕಳೆದ ವರ್ಷ ನಮ್ಮ ಓಣಿಗೆ ಪೈಪಿನ ಗ್ಯಾಸ್ ಬಂತು. ನನ್ನದೂ ಸೇರಿ ಹಿಂದಿನ ಮೂರು ಮನೆಗಳಿಗೆ ಪೈಪು ಬರಬೇಕಾದರೆ ನೀಲವ್ವನ ಗೋಡೆಯೇ ದಾರಿ. ಅವರು ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ನನಗೆ ಹುರುಪು ಬಂತು. ಇದು ನಾನು ಪ್ರತಿವರ್ಷ ಕಲಿಸುವ ಪಾಠ! ರಷ್ಯಾದ ಗ್ಯಾಸು ಉಕ್ರೇನಿನ ಮೂಲಕ ಯುರೋಪಿಗೆ ಹೋಗುತ್ತಿತ್ತು. ಮಾರುವವರಿಗೂ ದಾರಿ ಕೊಟ್ಟವರಿಗೂ ಜಗಳ ಹತ್ತಿದರೆ ಆಚೆ ಕೊಳ್ಳುವವರು ಚಳಿಯಲ್ಲಿ ನಡುಗಬೇಕಿತ್ತು. ಅಲ್ಲಿನಂತೆ ಇಲ್ಲೂ ದಾರಿಗೆ ಬಾಡಿಗೆ ಕೊಟ್ಟರಾಯಿತು ಎಂದುಕೊಂಡು, ಮೂರೂ ಮನೆಯವರ ಪರವಾಗಿ ಚೆಂದದ ಒಪ್ಪಂದಪತ್ರ ಬರೆದು ನೀಲವ್ವನ ಮುಂದಿಟ್ಟೆ.

ಅವರ ಮುಖ ಸಣ್ಣದಾಯಿತು. "ನನ್ನ ಗ್ವಾಡಿಗೆ ಬಾಡಿಗಿ ಕೊಡ್ತೀರಿ? ನಿಮ್ಮ ಒಲಿಗೆ ನಾ ಎಂದಾರ ಬಾಡಿಗಿ ಕೊಟ್ಟೇನೇನ್ರಿ?"

ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಆ ದೇಶಗಳ ಕಥೆ ತೆಗೆದೆ. ನಡುವಿನ ದೇಶದ ತಂಟೆಯೇ ಬೇಡವೆಂದು ಸಮುದ್ರದ ಅಡಿಯಲ್ಲಿ ಬೇರೆ ಪೈಪು ಹಾಕಿದ್ದನ್ನೂ ಹೇಳಿದೆ.

"ಆಮ್ಯಾಲೆ ನಡುವಿನವ್ರನ್ನ ಯಾರು ಕೇಳ್ತಾರ್ರಿ?" ಎಂದರು ನೀಲವ್ವ.

"ಅವರಿಗಿದ್ದ ಭಯವೂ ಅದೇ."

"ನನಗೂ ಅದೇ ಅಂಜಿಕಿ ನೋಡ್ರಿ. ಎಲ್ಲಾರ ಮನ್ಯಾಗೂ ತೀರದ ಗ್ಯಾಸ್ ಬಂತಂದ್ರ ನನ್ನ ಮನಿಗೆ ಯಾರು ಬರ್ತಾರ?"

ಹನ್ನೆರಡು ವರ್ಷ ಆ ಪಾಠ ಮಾಡಿದ್ದೇನೆ. ನಡುವಿನ ದೇಶದ ಆದಾಯವನ್ನು ವಿಸ್ತಾರವಾಗಿ ಹೇಳಿ, ಅದರ ಅಂಜಿಕೆಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. ಶಾಲೆ ಬಿಟ್ಟು ಎಷ್ಟೋ ಕಾಲವಾದ ನೀಲವ್ವ ನೇರ ಅಲ್ಲಿಗೇ ಬಂದು ನಿಂತರು. ಅವರ ಮೇಲೆ ಅಭಿಮಾನ ಉಕ್ಕಿತು.

ಮರುದಿನ ಅವರೇ ಕರೆದರು. "ಪೈಪು ಹಾಕ್ಕೊಳ್ರಿ. ಹಿಂದಿನ ಮನಿ ಹುಡುಗಿ ಬಾಣಂತಿ ಅದಾಳ. ಆಕಿಗೆ ಬಿಸಿನೀರಿಗೆ ತ್ರಾಸ ಆಗಬಾರದು."

ಬಾಡಿಗೆಯ ಸಾಲನ್ನು ನನ್ನ ಕೈಯಿಂದಲೇ ಹೊಡೆದು ಹಾಕಿಸಿ, ಬೇರೊಂದು ಶರತ್ತು ಬರೆಸಿದರು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಾಲ್ಕೂ ಮನೆಯ ಸಜ್ಜೆ ರೊಟ್ಟಿಯನ್ನು ಅವರ ಒಲೆಯ ಮೇಲೇ ಬಡಿಯಬೇಕು. ಎಲ್ಲರೂ ಸಹಿ ಹಾಕಿದೆವು.

"ನೀವೂ ಇರ್ತೀರಿಲ್ರಿ ಅಕ್ಕಾರ?" ಎಂದು ಪತ್ರ ಮಡಚುತ್ತ ಕೇಳಿದರು.

ಆ ಅಮಾವಾಸ್ಯೆಯ ದಿನಕ್ಕೇ ಮೈಸೂರಿನ ರೈಲಿಗೆ ಟಿಕೆಟ್ ಮಾಡಿಸಿದ್ದೆ. ಆದರೂ ಇರುತ್ತೇನೆ ಎಂದುಬಿಟ್ಟೆ. ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ಈ ಸಲ ಬರಕ್ಕಾಗಲ್ಲಮ್ಮ. ಅವತ್ತು ನಮ್ಮನೇಲಿ ರೊಟ್ಟಿ ಮಾಡೋದಿದೆ."



"ಹಾಗಾದ್ರೆ ಇಲ್ಲಿರೋದು ಯಾರ ಮನೆಯೇ?" ಎಂದಳು ಅಮ್ಮ.