ಎರಡು ಮನೆಗೆ ಒಂದು ಕೂಲರ್

ರಾಯಚೂರಿನಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದ ಮನೆ ಮೊದಲು ಒಂದೇ ಮನೆಯಾಗಿತ್ತಂತೆ. ಮಾಲೀಕರು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿ, ಎರಡು ಸಂಸಾರಕ್ಕೆ ಕೊಟ್ಟಿದ್ದರು. ಆ ಗೋಡೆಯ ಮೇಲ್ಭಾಗದಲ್ಲಿ, ಛತ್ತಿಗೆ ಗೇಣು ಕೆಳಗೆ, ಮೊಳದಗಲದ ಕಿಂಡಿಯೊಂದು ಉಳಿದುಕೊಂಡಿತ್ತು. ಪಕ್ಕದ ಮನೆಯ ಒಗ್ಗರಣೆ ಘಾಟು, ಕೆಮ್ಮು, ಟಿವಿ ಸದ್ದು ಎಲ್ಲವೂ ಅದರೊಳಗಿಂದ ನಮ್ಮ ಕೋಣೆಗೆ ಇಳಿಯುತ್ತಿದ್ದವು. ಮನೆ ಹೊಕ್ಕ ವಾರವೇ ಅದನ್ನು ಮುಚ್ಚಿಸಿ ಎಂದು ಮಾಲೀಕರಿಗೆ ಹೇಳಿದ್ದೆ. ಆಗಲಿ ಅಂದರು, ಮರೆತರು. ಅವರು ಮರೆತದ್ದು ನನ್ನ ಪುಣ್ಯ.

ಆಗ ನನ್ನ ಮದುವೆಯಾಗಿ ಎರಡು ವರ್ಷ. ಗಿಲ್ಲೆಸುಗೂರಿನ ಶಾಲೆಯಲ್ಲಿ ನನಗೆ ನೌಕರಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಗಂಡನಿಗೆ ದೇವದುರ್ಗದ ಕಚೇರಿಯಲ್ಲಿ ಕೆಲಸ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ನಮ್ಮಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ ಮಾಡಿ ನನ್ನನ್ನು ಓದಿಸಿದವನು. ನಮ್ಮ ಮಂದಿಯಲ್ಲಿ ಕೂಲರ್ ಕಂಡ ಮೊದಲ ಮನೆ ನನ್ನದು. ಅದನ್ನು ಹಿಂದಿನ ಕಿಟಕಿಗೆ ಕೂಡಿಸಿದ ದಿನ ಅಪ್ಪ ಬಂದು ಅದರ ಮುಂದೆ ಅಂಗಿ ಗುಂಡಿ ಬಿಚ್ಚಿಕೊಂಡು ಅರ್ಧ ತಾಸು ಸುಮ್ಮನೆ ಕೂತು ಹೋಗಿದ್ದ.

ಪಕ್ಕದ ಮನೆಯಲ್ಲಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದವಳು ನನಗಿಂತ ಹದಿನೈದು ವರ್ಷ ದೊಡ್ಡವಳು. ಚಂದ್ರಬಂಡದ ಕಡೆ ಕುರಿ ಕಾಯುವ ಮನೆತನದವಳು. ಅವಳ ಗಂಡ ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಆ ಬೇಸಿಗೆ ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿನ ಮೈತುಂಬ ಬೆವರುಸಾಲೆ. ಮಧ್ಯಾಹ್ನವಾದರೆ ಅದು ಅಳುವುದು, ಇವರು ಸೆರಗಿನಲ್ಲಿ ಗಾಳಿ ಹಾಕುವುದು, ಎಲ್ಲ ಕಿಂಡಿಯಿಂದ ಕೇಳಿಸುತ್ತಿತ್ತು. ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇದ್ದ ನಾನು ಇತ್ತ ಕೂಲರ್ ಹಾಕಿಕೊಂಡು ಮಲಗಿದ್ದರೂ ನಿದ್ದೆ ಹತ್ತುತ್ತಿರಲಿಲ್ಲ. ಮೂರನೆಯ ದಿನ ಎದ್ದು, ಕೂಲರಿನ ಬಾಯಿಯ ಪಟ್ಟಿಗಳನ್ನೆಲ್ಲ ಮೇಲ್ಮುಖ ಮಾಡಿ ಗಾಳಿಯನ್ನು ಕಿಂಡಿಯ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಆಮೇಲೆ ಅಕ್ಕನ ದನಿ ಬಂತು.

"ಟೀಚರಮ್ಮ, ಈ ತಂಪು ಗಾಳಿ ನಿಮ್ಮ ಕಡಿಂದ ಬರಾಕತ್ತೈತೇನ್ರಿ?"

ಹೌದು ಅಂದೆ. ಸಂಜೆ ಒಂದು ಕೊಡ ನೀರು ತಂದು ನಮ್ಮ ಹೊಸ್ತಿಲ ಒಳಗಿಟ್ಟು ಹೋದಳು. ನಳದ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಸಂಪು ಅವರ ಪಾಲಿಗೆ ಬಂದಿತ್ತು, ನಮ್ಮ ಕಡೆ ಎರಡು ಡ್ರಮ್ಮು ಮಾತ್ರ. ಕೂಲರಿಗೆ ಎಷ್ಟು ನೀರು ಹೊಯ್ದರೂ ಸಾಲುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಮರುದಿನ ಸಂಜೆ ಅವಳ ಗಂಡ ಅಳತೆ ಟೇಪು ಹಿಡಿದುಕೊಂಡು ಬಂದರು. ಮಿಲ್ಲಿನಲ್ಲಿ ತೌಡು, ಧೂಳು ಎಳೆಯುವ ದೊಡ್ಡ ದೊಡ್ಡ ತಗಡಿನ ಕೊಳವೆಗಳನ್ನು ಕೂಡಿಸುವುದೇ ಅವರ ಕೆಲಸ. ಅದಕ್ಕೆ ಅವರು ಡಕ್ಟು ಅನ್ನುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಕೂಲರಿನ ಬಾಯಿಗೆ ಒಂದು ತಗಡಿನ ಡಬ್ಬಿ, ಡಬ್ಬಿಯಿಂದ ಎರಡು ದಾರಿ: ಒಂದು ನಮ್ಮ ಮಂಚದ ಕಡೆಗೆ, ಇನ್ನೊಂದು ಗೋಡೆಯ ಗುಂಟ ಮೇಲೇರಿ ಕಿಂಡಿ ದಾಟಿ ಅವರ ಕೋಣೆಗೆ. ಡೊಂಕು ಕಡಿಮೆಯಿದ್ದಷ್ಟೂ ಗಾಳಿಗೆ ಸುಸ್ತಾಗುವುದಿಲ್ಲ ಅಂತ ಹೇಳಿ ಒಂದೇ ಒಂದು ತಿರುವು ಇಟ್ಟರು. ಹನಿ ನೀರು ಒಳಗೆ ನಿಲ್ಲದೆ ಹಿಂದಕ್ಕೆ ಜಾರಲೆಂದು ಇಡೀ ಕೊಳವೆಗೆ ಬೆರಳಿನಷ್ಟು ಇಳಿಜಾರು ಕೊಟ್ಟರು. ಕೂಡುವ ಕಡೆಗೆಲ್ಲ ಹಳೆಯ ಹತ್ತಿ ಬಟ್ಟೆಯನ್ನು ಮೈದಾ ಅಂಟಿನಲ್ಲಿ ಅದ್ದಿ ಅಕ್ಕ ಸುತ್ತಿದಳು. ಕರೆಂಟು ನಮ್ಮದು, ನೀರು ಅವರದು ಎಂದು ಮಾತಾಯಿತು. ಶನಿವಾರ ಬಂದ ನನ್ನ ಗಂಡ ಛತ್ತಿನ ಕೆಳಗೆ ಹೊಳೆಯುತ್ತಿದ್ದ ತಗಡನ್ನು ನೋಡಿ, ನಮ್ಮ ಕೋಣೆಯೂ ಮಿಲ್ ಆಯಿತಲ್ಲ ಎಂದು ನಕ್ಕರು.

ಹೋಳಿ ಹುಣ್ಣಿಮೆ ಕಳೆದು ಬರುವ ಭಾನುವಾರ ಕೂಲರ್ ತೊಳೆಯುವ ದಿನ ಎಂದು ಪ್ರತಿ ವರ್ಷಕ್ಕೂ ಗೊತ್ತುಮಾಡಿಕೊಂಡೆವು. ಅಂದು ಗಂಡಸರನ್ನು ಹೊರಗೆ ಹಾಕುತ್ತಿದ್ದೆವು. ಅಕ್ಕ ಸೀರೆ ಎತ್ತಿ ಕಟ್ಟಿ ಏಣಿ ಹತ್ತುವಳು, ನಾನು ಕೆಳಗೆ ಹಿಡಿದು ನಿಲ್ಲುವೆ. ಡಕ್ಟನ್ನು ಮೂರು ತುಂಡಾಗಿ ಬಿಚ್ಚಿ ಅಂಗಳಕ್ಕೆ ಒಯ್ಯುತ್ತಿದ್ದೆವು. ಒಳಗೆ ವರ್ಷದ ಧೂಳು, ಸತ್ತ ಹಲ್ಲಿ, ಒಂದು ಸಲ ಕಣಜದ ಮಣ್ಣಿನ ಗೂಡು. ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ಅತ್ತಿಂದ ಅವಳು ದೂಡಿದರೆ ಇತ್ತಿಂದ ನಾನು ಎಳೆಯಬೇಕು. ಕೂಲರಿನ ಜಾಳಿಗೆಗೆ ನೀರಿನಿಂದ ಕಟ್ಟಿದ ಉಪ್ಪು ಸುಣ್ಣ ಬಳಿದಂತೆ ಗಟ್ಟಿಯಾಗಿರುತ್ತಿತ್ತು. ಹುಣಸೆಹಣ್ಣು ಹಚ್ಚಿ ನೆನೆಯಿಟ್ಟು ತಿಕ್ಕಿದರೆ ಪದರು ಪದರಾಗಿ ಬಿಡುವುದು. ಜಾಳಿಗೆಯೊಳಗಿನ ಹಳೆಯ ಹುಲ್ಲು ಕಿತ್ತು ಹೊಸದು ತುಂಬುವಾಗ ನಾನು ಒತ್ತಿ ಒತ್ತಿ ತುರುಕುತ್ತಿದ್ದೆ. ಅಕ್ಕ ಅದನ್ನೆಲ್ಲ ತೆಗೆದು ಮತ್ತೆ ಹಗುರಾಗಿ ಬಿಡಿಸಿ ಹರಡುವಳು. ಒತ್ತಿದ ಹುಲ್ಲಿನಲ್ಲಿ ಗಾಳಿ ಎಲ್ಲಿಂದ ಹೊಗಬೇಕು ಅನ್ನುವಳು. ನೀರೆತ್ತುವ ಸಣ್ಣ ಮೋಟರಿಗೆ ಕಟ್ಟಿದ ಪಾಚಿ ತೆಗೆಯುವುದು, ಫ್ಯಾನಿಗೆ ಎಣ್ಣೆ ಬಿಡುವುದು, ತೊಟ್ಟಿಗೆ ಬೇವಿನ ಸೊಪ್ಪು ಹಾಕುವುದು, ಎದುರಿನ ಕಿಟಕಿಯನ್ನು ಅಂಗೈಯಷ್ಟು ತೆರೆದಿಡದಿದ್ದರೆ ಕೋಣೆ ಬರೀ ಜಿಗಿಜಿಗಿ ಆಗುತ್ತದೆನ್ನುವುದು, ಎಲ್ಲ ಅವಳಿಂದ ಕಲಿತದ್ದು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡನ ಕೆಲಸ ನೋಡಿ ನೋಡಿಯೇ ಕಲಿತಿದ್ದಳು.

ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೋದ ಮೇಲೂ ಡಕ್ಟು ಹಾಗೇ ಉಳಿಯಿತು. ಬೇಸಿಗೆ ಮಧ್ಯಾಹ್ನ ಕರೆಂಟು ಹೋದರೆ ಕೂಲರ್ ನಿಂತು ಮನೆ ಮೌನವಾಗುತ್ತಿತ್ತು. ಆಗ ಡಕ್ಟಿನೊಳಗಿಂದ ಅಕ್ಕನ ದನಿ ನನ್ನ ಮಂಚದ ಮೇಲೇ ಕೂತು ಮಾತಾಡಿದಷ್ಟು ಹತ್ತಿರ ಬರುತ್ತಿತ್ತು. ಅವಳು ಅಲ್ಲಿ ಚಾಪೆಯ ಮೇಲೆ, ನಾನು ಇಲ್ಲಿ ಮಂಚದ ಮೇಲೆ. ಇಬ್ಬರೂ ಛತ್ತು ನೋಡುತ್ತ ಮಾತಾಡುವುದು. ಸಣ್ಣವಳಿದ್ದಾಗ ಕುರಿ ಹಿಂದೆ ತಿರುಗಿದ್ದು, ಮಳೆಯಲ್ಲಿ ಕಂಬಳಿ ಹೊದ್ದು ಮರಿಯೊಂದನ್ನು ಎದೆಗವಚಿಕೊಂಡು ಕೂತದ್ದು ಅವಳು ಹೇಳುವಳು. ನಾನು ಶಾಲೆಯ ಸುದ್ದಿ ಹೇಳುವೆ. ಕರೆಂಟು ಬಂದು ಫ್ಯಾನು ಗರ್ರೆಂದರೆ ಮಾತು ಎಲ್ಲಿತ್ತೋ ಅಲ್ಲಿಗೇ ತುಂಡಾಗುತ್ತಿತ್ತು. ಎಷ್ಟೋ ಸಲ ಅದು ಬಂದದ್ದಕ್ಕೆ ನನಗೆ ಬೇಜಾರಾದದ್ದಿದೆ.

ಮೂರನೆಯ ವರ್ಷದ ಚಳಿಗಾಲದಲ್ಲಿ ನನಗೆ ಮೂರು ತಿಂಗಳಾಗಿದ್ದ ಗರ್ಭ ಇಳಿದುಹೋಯಿತು. ಬಸುರಿಯೆಂದು ಇನ್ನೂ ಯಾರಿಗೂ ಹೇಳಿರಲಿಲ್ಲ, ಹೀಗಾಗಿ ಹೋದದ್ದನ್ನೂ ಯಾರಿಗೂ ಹೇಳುವಂತಿರಲಿಲ್ಲ. ಗಂಡ ಎರಡು ದಿನ ರಜೆ ಹಾಕಿ ಜೊತೆಗಿದ್ದರು. ನಾಲ್ಕನೆಯ ದಿನ ಬಸ್ಸು ಹತ್ತಿ ಶಾಲೆಗೆ ಹೋದೆ. ಮಕ್ಕಳಿಗೆ ಪಾಠ ಹೇಳಿದೆ. ಅಕ್ಕ ಮಾರಿ ಯಾಕೆ ಬಾಡಿದೆ ಎಂದು ಎರಡು ಸಲ ಕೇಳಿದಳು, ನೆಗಡಿ ಅಂದೆ.

ಬೇಸಿಗೆ ರಜೆ ಬಂತು. ಒಂದು ಮಧ್ಯಾಹ್ನ ಕರೆಂಟು ಹೋದಾಗ ಅಕ್ಕ ತನ್ನ ಮೊಮ್ಮಗಳು ಹೊಸದಾಗಿ ಮಾತು ಕಲಿಯುತ್ತಿರುವುದನ್ನು ಹೇಳುತ್ತಿದ್ದಳು. ನಾನು ಕೇಳುತ್ತ ಇದ್ದವಳು ತಟ್ಟನೆ, ಅಕ್ಕಾ ನಂದೊಂದು ಹೋಯ್ತು ಅಂದೆ. ಹೇಳಬೇಕೆಂದು ಹೇಳಿದ್ದಲ್ಲ. ಯಾವಾಗ ಎಂದು ಕೇಳಿದಳು. ಹೇಳಿದೆ. ಆಸ್ಪತ್ರೆಯ ಬಿಳಿ ಪರದೆ, ಮನೆಗೆ ಬಂದ ದಿನ ನಾನೇ ಒಗೆದು ಹಾಕಿದ ಬಟ್ಟೆ, ಹೆಣ್ಣಾಗಿದ್ದರೆ ಇಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರು, ಎಲ್ಲವನ್ನೂ ಆ ತಗಡಿನ ಬಾಯಿಗೆ ಹೇಳಿದೆ. ಬಾಯಿಗೆ ಸೆರಗು ಒತ್ತಿಕೊಂಡೆ.

"ಅಳು ತಂಗಿ," ಅಂದಳು ಅಕ್ಕ. "ನಾ ನಿನ್ನ ಮಾರಿ ನೋಡಾಕತ್ತಿಲ್ಲ. ಬಾಯಿ ಮುಚ್ಚಿಗೋಬ್ಯಾಡ."

ನಾನು ಅತ್ತೆ. ನಾಲ್ಕು ತಿಂಗಳು ಒಳಗಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಅವಳು ಎದ್ದು ನಮ್ಮ ಬಾಗಿಲಿಗೆ ಬರಬಹುದಿತ್ತು, ಎರಡೇ ಹೆಜ್ಜೆ. ಬರಲಿಲ್ಲ. ಅಲ್ಲೇ ಮಲಗಿದ್ದು, ಹ್ಞೂಂ, ಹ್ಞೂಂ ಎಂದು ಅಷ್ಟಷ್ಟು ಹೊತ್ತಿಗೊಮ್ಮೆ ಅನ್ನುತ್ತಿದ್ದಳು, ಇದ್ದೀನಿ ಎಂದು ತಿಳಿಯಲೆಂದು. ನಾನು ಸಮಾಧಾನವಾದ ಮೇಲೆ ತನ್ನದೂ ಎರಡು ಹೋಗಿದ್ದವೆಂದು ಹೇಳಿದಳು. ಆ ಮಾತನ್ನು ಅದಕ್ಕೂ ಮೊದಲು ಅವಳು ಎತ್ತಿರಲಿಲ್ಲ, ಆಮೇಲೂ ಎತ್ತಲಿಲ್ಲ.

ಅದರ ಮರುವರ್ಷ ನನಗೆ ಮಗ ಹುಟ್ಟಿದ. ಅವನ ಮೊದಲ ಬೇಸಿಗೆ ಆ ಗಾಳಿಯಲ್ಲೇ ಕಳೆಯಿತು. ಎರಡನೆಯ ಬೇಸಿಗೆ ಮುಗಿದು ಚಳಿ ಬೀಳುವ ಹೊತ್ತಿಗೆ ಅಕ್ಕನ ಗಂಡನಿಗೆ ಮಾನ್ವಿಯ ಮಿಲ್ಲಿನಲ್ಲಿ ಮುಖ್ಯ ಫಿಟ್ಟರ್ ಕೆಲಸ ಸಿಕ್ಕಿತು. ಅಲ್ಲಿ ಅವರದೊಂದು ಜಾಗವೂ ಇತ್ತು, ಮನೆ ಕಟ್ಟಿಸಿಕೊಂಡರು. ಒಳ್ಳೆಯ ಸುದ್ದಿ ಎಂದು ನಾನೇ ಮೊದಲು ಅಂದೆ. ಸಾಮಾನು ಲಾರಿಗೆ ಏರಿಸಿದ ಮೇಲೆ ಅಕ್ಕನ ಗಂಡ ಬಂದು, ಡಕ್ಟು ಬಿಚ್ಚಿ ಹೋಗಲೇನ್ರೀ ಟೀಚರ್ ಎಂದು ಕೇಳಿದರು. ಇರಲಿ ಬಿಡ್ರಿ ಅಂದೆ. ಅಕ್ಕ ನನ್ನ ಮಗನನ್ನು ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿ, ಬಂದು, ನನ್ನ ಕೈಗೆ ಕೊಟ್ಟು ಲಾರಿಯ ಮುಂದೆ ಹತ್ತಿ ಕೂತಳು.

ಪಕ್ಕಕ್ಕೆ ಬಂದವರು ಸಭ್ಯರು. ಬಂದ ತಿಂಗಳಲ್ಲೇ, ತಗಡಿನಿಂದ ನಿಮ್ಮ ಮಾತೆಲ್ಲ ನಮಗೆ ಕೇಳಿಸುತ್ತದೆ, ನಮ್ಮದೂ ನಿಮಗೆ ಕೇಳಿಸೀತು, ಮುಚ್ಚಿಸೋಣ ಎಂದು ನಯವಾಗಿ ಹೇಳಿದರು. ಮನೆ ಹೊಕ್ಕ ವಾರ ನಾನು ಆಡಿದ್ದೂ ಅದೇ ಮಾತು, ಹೀಗಾಗಿ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ಮಾಲೀಕರು ಈ ಸಲ ಮರೆಯಲಿಲ್ಲ. ಗೌಂಡಿ ಬಂದು ಇಟ್ಟಿಗೆ ಇಟ್ಟು ಗಿಲಾವು ಮಾಡಿ ಹೋದ. ಒಂದು ತಾಸಿನ ಕೆಲಸ. ಡಕ್ಟಿನ ಮೂರು ತುಂಡನ್ನು ಅವನು ಬರುವ ಮೊದಲೇ ನಾನೊಬ್ಬಳೇ ಬಿಚ್ಚಿಟ್ಟಿದ್ದೆ. ಆ ಬೇಸಿಗೆ ಪೂರ್ತಿ ಗಾಳಿ ನನ್ನೊಂದೇ ಕೋಣೆಗೆ ಬಂತು. ತಂಪು ಮೊದಲಿಗಿಂತ ಹೆಚ್ಚಿತ್ತು. ಕರೆಂಟು ಹೋದಾಗ ಮಾತ್ರ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದೆ, ಒಳಗೆ ಮಲಗಿರಲು ಆಗುತ್ತಿರಲಿಲ್ಲ.

ಫೋನು ಇತ್ತು. ಮಾಡುತ್ತಿದ್ದೆವು. ಆದರೆ ಅಕ್ಕನಿಗೆ ಫೋನೆಂದರೆ ದೂರದೂರಿಗೆ ಕೂಗಿ ಹೇಳುವ ಸಾಧನ. ಆರಾಮ ಇದ್ದೀರೇನು, ಊಟ ಆಯ್ತೇನು, ಹುಡುಗ ಹ್ಯಾಂಗದಾನ ಎಂದು ಜೋರಾಗಿ ಕೇಳಿ, ನಾನು ಉತ್ತರ ಮುಗಿಸುವ ಮೊದಲೇ ಇಡ್ತೀನಿ ಅನ್ನುವಳು.

ಮರುವರ್ಷ ನನಗೂ ದೇವದುರ್ಗಕ್ಕೆ ವರ್ಗವಾಯಿತು. ಗಂಡ ಹೆಂಡತಿ ಕೊನೆಗೂ ಒಂದೇ ಊರಿನಲ್ಲಿ ಸಂಸಾರ ಹೂಡಿದೆವು. ಅಲ್ಲಿಂದ ಮೊದಲ ಸಲ ಮಾನ್ವಿಗೆ ಅಕ್ಕನನ್ನು ನೋಡಲು ಹೋದ ದಿನ ನನಗೆ ನೆನಪಿದೆ. ಹೊಸ ಮನೆ, ನೆಲಕ್ಕೆ ಟೈಲ್ಸು, ಗೋಡೆಗೆ ಹಸಿರು ಬಣ್ಣ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ ತಾನು ಎದುರಿಗೆ ಕೂತಳು. ಮಂಡಕ್ಕಿ ಸೂಸಲ, ಮಿರ್ಚಿ ಕೊಟ್ಟಳು. ತಿಂದೆ. ಬಣ್ಣ ಚೆನ್ನಾಗಿದೆ ಅಂದೆ. ಅವಳು ದೇವದುರ್ಗದ ನೀರು ಹ್ಯಾಗೆ ಅಂದಳು. ಅಷ್ಟು ವರ್ಷ ಅಷ್ಟೊಂದು ಮಾತಾಡಿದವರು ಮಾರಿಗೆ ಮಾರಿ ಕೊಟ್ಟು ಕೂತಾಗ ನೆಂಟರಂತೆ ಆಗಿಬಿಟ್ಟಿದ್ದೆವು. ಅವಳಿಗೂ ಅದು ತಿಳಿದಿರಬೇಕು. ಸೆರಗಿನ ತುದಿ ಮಡಚುವುದು ಬಿಚ್ಚುವುದು ಮಾಡುತ್ತಿದ್ದಳು. ಬಸ್ಸಿನಲ್ಲಿ ಹಿಂದಿರುಗುವಾಗ ಏನನ್ನೋ ಎಲ್ಲೋ ಬಿಟ್ಟುಬಂದಂತೆ ಚೀಲ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡೆ.

ಈಗ ದೇವದುರ್ಗದ ನಮ್ಮ ಮನೆಯಲ್ಲಿ ಗೋಡೆಗೆ ಬಡಿದ ಎಸಿ ಇದೆ. ವರ್ಷಕ್ಕೆರಡು ಸಲ ಮೆಕ್ಯಾನಿಕ್ ಬಂದು ನೀರು ಹೊಡೆದು ತೊಳೆದು ಹೋಗುತ್ತಾನೆ. ನಡುವೆ ಜಾಳಿಗೆ ತೆಗೆದು ತೊಳೆಯುವುದನ್ನು ನಾನೇ ಇಟ್ಟುಕೊಂಡಿದ್ದೇನೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿಡಬೇಕು. ಮಗ ಅದರ ಕೆಳಗೆ ಓದುತ್ತಾನೆ. ಹೊರಗಿನದೊಂದು ಸದ್ದೂ ಒಳಗೆ ಬರುವುದಿಲ್ಲ.

ಈ ವರ್ಷ ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತು. ಏಣಿ ಹತ್ತಬಾರದು, ಬಗ್ಗಬಾರದು ಎಂದಿದ್ದಾರಂತೆ. ಅವಳ ಗಂಡನಿಗೆ ಮಿಲ್ಲಿನಲ್ಲಿ ಸೀಸನ್ ಕೆಲಸ, ಬಿಡುವಿಲ್ಲ. ಬಿಸಿಲು ಏರಿದೆ, ಕೂಲರ್ ಹೋದ ವರ್ಷ ಬಿಟ್ಟಂತೆಯೇ ಕೂತಿದೆ ಎಂದು ಫೋನಿನಲ್ಲಿ ಕೂಗಿ ಹೇಳಿದಳು. ನಾನು ಬಂದು ಮಾಡುತ್ತೇನೆ ಅಂದೆ.

"ಬಾ," ಅಂದಳು, ಈ ಸಲ ಕೂಗದೆ. "ನೀ ಮಾಡು. ನಾ ಕುಂತು ಹೇಳ್ತೀನಿ."

ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಅವಳು ಕರಿ ಕನ್ನಡಕ ಹಾಕಿಕೊಂಡು ಬಾಗಿಲ ನೆರಳಿನಲ್ಲಿ ಕೂತಿದ್ದಳು, ನಾನು ಅಂಗಳದಲ್ಲಿ ಕೂಲರ್ ಬಿಚ್ಚಿ ಹರವಿಕೊಂಡೆ. ಉಪ್ಪು ತಿಕ್ಕುವಾಗ ಬೆನ್ನು ಅವಳ ಕಡೆಗಿತ್ತು. ಮೊದಲು ಮೋಟರಿನ ಮಾತು, ಹುಲ್ಲಿನ ಮಾತು. ಆಮೇಲೆ ಅವಳೇ ಶುರು ಮಾಡಿದಳು: ಆಪರೇಷನ್ನಿಗೆ ಮಲಗಿಸಿದಾಗ ಎಷ್ಟು ಹೆದರಿದ್ದೆ ಎಂದು, ಗಂಡನ ಮುಂದೆ ಅದನ್ನು ತೋರಿಸಿಕೊಳ್ಳಲಿಲ್ಲ ಎಂದು, ಈ ಊರಿನಲ್ಲಿ ಮಧ್ಯಾಹ್ನ ಬಲು ಉದ್ದ ಎಂದು. ನಾನು ತಿರುಗಿ ನೋಡಲಿಲ್ಲ. ಹ್ಞೂಂ, ಹ್ಞೂಂ ಅನ್ನುತ್ತ ತಿಕ್ಕುತ್ತಿದ್ದೆ.

ಊಟವಾದ ಮೇಲೆ ಕೂಲರ್ ಹಾಕಿದೆ. ಹೊಸ ಹುಲ್ಲಿನ ಹಸಿ ವಾಸನೆ ಕೋಣೆ ತುಂಬಿತು. ಅಕ್ಕ ಚಾಪೆಯ ಮೇಲೆ ಉರುಳಿದವಳು ಮಾತಿನ ನಡುವೆಯೇ ನಿದ್ದೆ ಹೋದಳು. ಮುಂಗೂದಲು ಪೂರಾ ಬೆಳ್ಳಗಾಗಿತ್ತು, ಗಾಳಿಗೆ ಅಲ್ಲಾಡುತ್ತಿತ್ತು. ನನ್ನದು ನಾಲ್ಕರ ಬಸ್ಸು. ಎಬ್ಬಿಸಿ ಹೇಳಿ ಹೋಗಬೇಕೆಂದು ಎರಡು ಸಲ ಬಗ್ಗಿದೆ, ಮನಸ್ಸು ಬರಲಿಲ್ಲ. ಗಂಡನಿಗೆ ಫೋನು ಮಾಡಿ, ಐದೂವರೆಯ ಬಸ್ಸಿಗೆ ಬರುತ್ತೇನೆ, ಮಗನಿಗೆ ಹಾಲು ಕಾಯಿಸಿ ಕೊಡಿ ಎಂದು ಮೆಲ್ಲಗೆ ಹೇಳಿ, ಅವಳ ಪಕ್ಕದಲ್ಲೇ ಗೋಡೆಗೊರಗಿ ಕೂತೆ.