ಹಿಡಿದು ಬಿಡುವ ಮೀನು

ಅಣ್ಣನಿಗೆ ನನ್ನ ರಜೆಯ ಸುದ್ದಿ ಹೇಳುವ ಮುಂಚೆಯೇ ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ಏನು ಹೇಳುತ್ತಾನೆಂದು ಗೊತ್ತಿತ್ತಲ್ಲ. ನುಂಗಂಬಾಕ್ಕಂನಲ್ಲಿ ಅಪ್ಪ ಹಾಕಿದ ಸಸ್ಯಾಹಾರಿ ಹೋಟೆಲು ನಮ್ಮದು. ಅಡುಗೆಮನೆ ಅಣ್ಣನದು, ಗಲ್ಲಾ ನನ್ನದು. ಮದುವೆ, ಸಾವು, ಜ್ವರ ಬಿಟ್ಟರೆ ನಾನು ಗಲ್ಲಾದಿಂದ ಎದ್ದದ್ದಿಲ್ಲ. ಅವನೂ ಅಡುಗೆಮನೆಯಿಂದ ಎದ್ದಿಲ್ಲ, ಆದರೆ ಅವನಿಗೆ ಏಳಬೇಕೆಂದು ಅನ್ನಿಸಿದ್ದೂ ಇಲ್ಲ. ನನಗೆ ಉರಿಯುವುದೇ ಅದು.

ಮಧ್ಯಾಹ್ನದ ಊಟ ಮುಗಿದು ಕಾಫಿಯ ಗಿರಾಕಿಗಳು ಬರುವ ತನಕ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಹತ್ತಿದ ಹುಚ್ಚು ಇದು. ಅರ್ಜೆಂಟೀನಾದ ದಕ್ಷಿಣದ ಕೊನೆ, ಪಟಗೋನಿಯಾ. ಮೊಣಕಾಲುದ್ದ ತಣ್ಣೀರಲ್ಲಿ ಒಬ್ಬನೇ ನಿಂತ ಮನುಷ್ಯ, ಗರಿ ನೂಲು ಸುತ್ತಿ ನೊಣದ ಹಾಗೆ ಮಾಡಿದ ಗಾಳವನ್ನು ನೀರ ಮೇಲೆ ಬೀಸುತ್ತಾನೆ. ಸುತ್ತ ಒಂದು ನರಪಿಳ್ಳೆಯಿಲ್ಲ. ಇನ್ನೊಂಚೂರು ಚಟ್ನಿ ಎಂದು ಕೈ ಎತ್ತುವವರಿಲ್ಲ. ಸಾಯುವುದರೊಳಗೆ ಒಂದು ಸಲ ಆ ನೀರಲ್ಲಿ ನಿಲ್ಲಲೇಬೇಕು ಎಂಬ ಹಠ ಹುಟ್ಟಿತು.

ಮೀನಿನ ಪ್ರಶ್ನೆಗೂ ಉತ್ತರ ಹುಡುಕಿಟ್ಟಿದ್ದೆ. ನಾನು ಆರಿಸಿದ ಕ್ಯಾಂಪಿನಲ್ಲಿ ಹಿಡಿದದ್ದನ್ನು ತಿನ್ನುವಂತಿಲ್ಲ, ತಿರುಗಿ ಹೊಳೆಗೇ ಬಿಡಬೇಕು. ತಿನ್ನದ ಮೇಲೆ ದೋಷವೆಲ್ಲಿಂದ ಬಂತು? ನಮ್ಮಂಥವರಿಗೆ ಹೇಳಿ ಮಾಡಿಸಿದ ಬೇಟೆ ಎಂದು ನನ್ನಷ್ಟಕ್ಕೆ ಬೀಗಿದ್ದೆ.

ಆದರೆ ಅಣ್ಣ ಹೂಂ ಅನ್ನದೆ ಏನೂ ನಡೆಯುವಂತಿರಲಿಲ್ಲ. ಅಲ್ಲಿಯ ಬೇಸಿಗೆ ಎಂದರೆ ಇಲ್ಲಿಯ ಮಾರ್ಗಳಿ, ನಮ್ಮ ಧನುರ್ಮಾಸ. ಸಂಗೀತ ಕಚೇರಿಗೆಂದು ಬಂದವರೆಲ್ಲ ನಮ್ಮ ತಿಂಡಿಗೆ ಮುಗಿಬೀಳುವ ಕಾಲ. ನಾನು ಹೋದರೆ ಗಲ್ಲಾಕ್ಕೆ ಅವನೇ ಬಂದು ಕೂರಬೇಕು. ನಮ್ಮ ಕೀಲ್ಪಾಕಿನ ಮನೆಯಲ್ಲಿ ಒಂದು ಭಾನುವಾರ, ಊಟಕ್ಕೆ ಕೂತಿದ್ದಾಗ ಹೇಳಿದೆ.

‘ಸೀಸನ್ನಲ್ಲಿ ಹೋಗುದಾ? ತಲೆ ಸಮ ಉಂಟಾ ನಿಂಗೆ?’

‘ಇಷ್ಟು ವರ್ಷ ಸಮ ಇಟ್ಕೊಂಡೇ ಕೂತದ್ದು. ಸಾಕಾಯ್ತು.’

‘ಹೋಗಿ ಎಂತ ಮಾಡ್ತಿ?’

‘ಮೀನು ಹಿಡೀತೇನೆ.’

ಅವನ ಕೈ ತಟ್ಟೆಯ ಮೇಲೆಯೇ ನಿಂತಿತು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ನಡುವೆ ಬಾಯಿ ಹಾಕಿದಳು: ‘ಸಾಪ್ಪಿಡ ಮಾಟ್ಟಾಂಗ ದೊಡ್ಡಪ್ಪಾ. ಪಿಡಿಚ್ಚಿಟ್ಟು ವಿಟ್ಟುಡುವಾಂಗ.’ ತಿನ್ನುವುದಿಲ್ಲ, ಹಿಡಿದು ಬಿಟ್ಟುಬಿಡುತ್ತಾರೆ ಎಂದು ನನ್ನ ಪರವಾಗಿ ವಕಾಲತ್ತು.

‘ಬಿಡುದಾ? ಬಿಡುದಾದ್ರೆ ಹಿಡಿಯುದು ಎಂತಕ್ಕೆ?’

‘ಅದೊಂದು ಆಟ ಅಣ್ಣ. ಜಾಸ್ತಿ ಗಾಯ ಆಗುದಿಲ್ಲ.’

‘ಬಾಯಿಗೆ ಕೊಕ್ಕೆ ಹಾಕಿ ಎಳೆಯುದು, ಫೋಟೋ ತೆಗೆಯುದು, ಮತ್ತೆ ಬಿಡುದು. ಎಣ್ಣೂರಿನ ಮೀನಿನವ್ರು ಹಿಡಿದ್ರೆ ಅವ್ರ ಮನೆಯಲ್ಲಿ ಅನ್ನ ಬೇಯ್ತದೆ. ನಿಂಗೆ ಎಂತ ಕೇಡು ಮಾರಾಯ?’

ನನ್ನ ಮೈಯೆಲ್ಲ ಉರಿದುಹೋಯಿತು. ‘ನನ್ನ ಬಾಯಿಗೆ ಕೊಕ್ಕೆ ಹಾಕಿದವ ನೀನೇ. ಒಂದು ದಿನ ಬಿಟ್ಟಿದ್ದೀಯಾ?’ ಎಂದೆ. ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಣ್ಣ ಮಜ್ಜಿಗೆ ಅನ್ನ ಮುಗಿಸಿದ. ಕೈ ತೊಳೆದು, ಒರೆಸಿಕೊಂಡು ಬಂದು ನನ್ನೆದುರು ನಿಂತ.

‘ಹೋಗು. ಗಲ್ಲಾ ನಾನು ನೋಡ್ಕೊಳ್ತೇನೆ. ಆದ್ರೆ ಹಿಡಿದದ್ದನ್ನು ತಿಂದು ಬಾ. ತಿಂದ್ರೆ ಹಸಿವಿಗೆ ತಿಂದ ಅಂದ್ಕೊಳ್ತೇನೆ, ಪ್ರಾಯಶ್ಚಿತ್ತ ಅಂತ ಒಂದು ಉಂಟು. ತಿನ್ನದೆ ಬಂದ್ರೆ ನನ್ನ ಅಡುಗೆಮನೆಗೆ ಕಾಲಿಡ್ಬೇಡ.’

ಕೇಕಿನಲ್ಲಿ ಮೊಟ್ಟೆ ಇದೆಯೆಂದು ತಿಳಿದರೆ ತಟ್ಟೆಯನ್ನೇ ಎಸೆಯುವ ಮನುಷ್ಯ ಆಡಿದ ಮಾತು ಇದು. ನಾನು ತೊದಲಿದೆ. ‘ಅಲ್ಲಿ ತಿನ್ಲಿಕ್ಕೆ ಬಿಡುದಿಲ್ಲ.’

‘ಹಾಗಾದ್ರೆ ಗಾಳ ಇಲ್ದೆ ಹೋಗು. ಸುಮ್ನೆ ನೀರಲ್ಲಿ ನಿಂತು ಬಾ. ಅದಕ್ಕೆ ಯಾರು ಬೇಡ ಅಂತಾರೆ?’

ಟಿಕೆಟ್ ತೆಗೆಯಲಿಲ್ಲ. ಈಗಲೂ ಗಲ್ಲಾದಲ್ಲಿ ಕೂತು ಆ ವಿಡಿಯೋಗಳನ್ನು ಹಾಕುತ್ತೇನೆ. ಹೊಳೆ ಕಾಣುವುದಿಲ್ಲ, ಬೆಟ್ಟ ಕಾಣುವುದಿಲ್ಲ, ಕೊಕ್ಕೆ ಎಳೆದ ಕಡೆಗೆ ತೆರೆದುಕೊಳ್ಳುವ ಬಾಯಿಯೊಂದೇ ಕಾಣುತ್ತದೆ. ಹೋಗಬೇಡ ಎಂದಿದ್ದರೆ ಅವನೆದುರೇ ಚೀಲ ಹೆಗಲಿಗೇರಿಸಿ ಹೋಗುತ್ತಿದ್ದೆ. ಹೋಗು ಎಂದು ಹೇಳಿ ನನ್ನ ಹೊಳೆಯನ್ನೇ ಕೆಡಿಸಿಬಿಟ್ಟ, ಪಾಪಿ.